ಶುಕ್ರವಾರದ ಹದಿನೆಂಟು ತೊಲ

ಜೋಳ ತೂಗುವವರನ್ನು ಭೀಮಬಾಯಿ ಕಂಡಿದ್ದಳು, ಹತ್ತಿ ತೂಗುವವರನ್ನು ಕಂಡಿದ್ದಳು, ಬೆಲ್ಲ ತೂಗುವಾಗ ಕಿರುಬೆರಳಿನಿಂದ ತಕ್ಕಡಿ ಒತ್ತುವವರನ್ನೂ ಕಂಡಿದ್ದಳು. ಮಣ್ಣು ತೂಗುವವನನ್ನು ಕಂಡದ್ದು ಮಾತ್ರ ವಯಸ್ಸು ಐವತ್ತೈದು ದಾಟಿದ ಮೇಲೆ, ಗುಲಾಮ್ ರಸೂಲ್ ಆಕೆಯ ಕಣದ ಮೂಲೆಗೆ ಬಂದಾಗ.

ಹುಮನಾಬಾದಿನಿಂದ ಚಿಟಗುಪ್ಪದ ದಾರಿ ಹಿಡಿದರೆ ಊರು ಮುಗಿಯುವಲ್ಲಿ ಆಕೆಯ ಮನೆ. ಮನೆಯ ಹಿಂದೆ ಕಣ. ನಲವತ್ತೊಂಬತ್ತರ ಯುಗಾದಿ ಕಳೆದ ಮೇಲೆ ನೀರಿನ ಕಚೇರಿಯವರು ಬಂದು ಕಣದ ಒಂದು ಮೂಲೆ ಕೇಳಿದರು. ಆ ಕಡೆ ಎಲ್ಲೋ ದೊಡ್ಡ ಕೆರೆ ಕಟ್ಟುವ ವಿಚಾರ ನಡೆದಿತ್ತಂತೆ. ಕಟ್ಟುವ ಮೊದಲು ಈ ನೆಲದಿಂದ ಬಿಸಿಲು ದಿನಕ್ಕೆ ಎಷ್ಟು ನೀರು ಎಳೆಯುತ್ತದೆ ಎಂಬ ಲೆಕ್ಕ ಅವರಿಗೆ ಬೇಕಿತ್ತು. "ಬಿಸಲ ಕುಡ್ಯೂ ನೀರಿಗೂ ಲೆಕ್ಕೇನ್ರಿ?" ಎಂದು ಭೀಮಬಾಯಿ ಬೆರಗಾಗಿ ಕೇಳಿದ್ದಳು. ಲೆಕ್ಕ ಹೇಗೆ ಹಾಕುತ್ತಾರೆ ನೋಡೋಣವೆಂಬ ಆಸೆಗೇ ಮೂಲೆ ಬಿಟ್ಟುಕೊಟ್ಟಳು.

ಅಲ್ಲಿ ನಾಲ್ಕು ಕಾಲಿನ ಒಂದು ಬಿಳಿ ಪೆಟ್ಟಿಗೆ ನಿಂತಿತು. ಗಾಳಿಯಾಡಲೆಂದು ಅದರ ಮೈಯೆಲ್ಲ ಸೀಳು ಸೀಳು ಹಲಗೆ. ಒಳಗೆ ಎರಡು ಪಾದರಸದ ಕಡ್ಡಿ. ಒಂದು ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ಗಾಳಿ ಒಣಗಿದಷ್ಟೂ ಎರಡರ ನಡುವಿನ ಅಂತರ ಹೆಚ್ಚುತ್ತದೆ ಎಂದು ರಸೂಲ್ ಹೇಳಿಕೊಟ್ಟಿದ್ದ. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಕುಣಿ. ಕುಣಿಯಲ್ಲಿ ಮೊಳದಗಲದ ತಗಡಿನ ಡಬ್ಬಿ, ಅದರ ತುಂಬ ಅದೇ ಹೊಲದ ಮಣ್ಣು. ಡಬ್ಬಿಯ ಬಾಯಿ ನೆಲಕ್ಕೆ ಸಮ; ಮೇಲಿನಿಂದ ನೋಡಿದರೆ ನೆಲದ ಮೇಲೆ ಒಂದು ದುಂಡು ಗೆರೆ ಎಳೆದ ಹಾಗೆ, ಅಷ್ಟೇ. ಮೂರು ಗಳು ಕೂಡಿಸಿ ಕಟ್ಟಿದ ರಾಟೆಯಿಂದ ಸರಪಳಿ ಎಳೆದರೆ ಡಬ್ಬಿ ಮೇಲೇಳುತ್ತಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ರಸೂಲ್ ಅದನ್ನು ತೂಗುತ್ತಿದ್ದ. ನಿನ್ನೆಗಿಂತ ಎಷ್ಟು ಹಗುರಾಯಿತೋ ಅಷ್ಟು ನೀರು ಬಿಸಿಲಿನ ಪಾಲು. ರವಿವಾರಕ್ಕೊಮ್ಮೆ ಅಳೆದು ನೀರು ಹಾಕಿ ಅದನ್ನೂ ವಹಿಯಲ್ಲಿ ಬರೆಯುತ್ತಿದ್ದ.

ರಸೂಲ್ ಮೊದಲು ಕಲಾಯಿ ಮಾಡುತ್ತಿದ್ದವನು. ಅರ್ಧ ಹುಮನಾಬಾದಿನ ತಾಮ್ರದ ಪಾತ್ರೆಗಳ ಹೊಟ್ಟೆ ಅವನ ಕೈಯಲ್ಲಿ ಬೆಳ್ಳಗಾಗಿತ್ತು. ಆ ಡಬ್ಬಿಗೆ ಒಂದು ಹನಿಯೂ ಸೋರದ ಹಾಗೆ ಬೆಸುಗೆ ಹಾಕಿಕೊಟ್ಟವನು ಅವನೇ. ಓದು ಬರಹ ಬರುತ್ತಿತ್ತೆಂದು ಡಬ್ಬಿಯ ಜೊತೆಗೆ ಅವನನ್ನೂ ಕಚೇರಿಯವರು ಇಟ್ಟುಕೊಂಡರು. ಹಿಂದಿನ ವರ್ಷ ಸರ್ಕಾರ ಬದಲಾದಾಗಿನ ಗದ್ದಲದಲ್ಲಿ ಅವನ ಅಂಗಡಿ ಹೋಗಿತ್ತು. ಉಳಿದದ್ದು ಒಂದು ಇಕ್ಕಳ, ತವರ ತೂಗುವ ಒಂದು ಸಣ್ಣ ತಕ್ಕಡಿ. ಆಮೇಲೆ ಸಿಕ್ಕದ್ದು ಈ ಕೆಲಸ.

"ಈ ಮಣ್ಣ ಯಾರೂ ಮುಟ್ಟಬಾರ್ದು ಕಾಕು. ಹುಕುಂ ಅದ," ಎಂದು ಮೊದಲ ದಿನವೇ ಅವನು ಹೇಳಿದ್ದ. ಭೀಮಬಾಯಿ ಆ ಹುಕುಮನ್ನು ತನ್ನದೇ ಮಾಡಿಕೊಂಡಳು. ಸುತ್ತ ಮುಳ್ಳು ಹಚ್ಚಿದಳು, ಆಡು ಅಟ್ಟಿದಳು, ನೀರಿಗೆ ಹೋಗುವ ಹೆಂಗಸರು ಇಣುಕಿದರೆ "ಮುಟ್ಟೀರೇ, ಸರ್ಕಾರದ ಮಣ್ಣದು!" ಎಂದು ಗದರಿದಳು. ಬೆಳಗಿನ ತೂಕ ತಪ್ಪಿಸುತ್ತಿರಲಿಲ್ಲ. ಶುಕ್ರವಾರವಂತೂ ಕೋಳಿ ಕೂಗುವ ಹೊತ್ತಿಗೇ ಎದ್ದು ಮನೆ, ಅಂಗಳ, ಕಣ ಎಲ್ಲ ಸಾರಿಸಿ, ಮಿಂದು, ರಸೂಲ್ ಬರುವ ಮೊದಲೇ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

"ಇವತ್ತ ಎಷ್ಟು ಕುಡೀತಪಾ ಬಿಸಲಾ?" ಎಂದು ಒಂದು ಮಂಗಳವಾರ ಕೇಳಿದ್ದಳು.

"ಹತ್ತೊಂಬತ್ತು ತೊಲ ಕಾಕು."

"ನಿನ್ನಿಗಿಂತ ಒಂದ ತೊಲ ಕಮ್ಮಿ. ನಿನ್ನಿ ಗಾಳಿ ಇತ್ತಲಾ, ಅದಕ್ಕ."

ರಸೂಲ್ ತಲೆಯೆತ್ತಿ ನೋಡಿ ನಕ್ಕಿದ್ದ. "ಓವರಸೀಯರ್ ಸಾಹೇಬ್ರು ಹೇಳೂದನ್ನ ನೀವು ಕುಂತಲ್ಲೇ ಹೇಳ್ತೀರಿ."

ಬೇಸಿಗೆಯಲ್ಲೂ ಮಳೆಯಲ್ಲೂ ತೂಕ ದಿನಕ್ಕೊಂದು ಥರ ಇತ್ತು; ಮಳೆಗಾಲ ಮುಗಿದು ದಸರೆ ದಾಟಿದ ಮೇಲೆ ಒಂದು ಸೋಜಿಗ ಕಾಣಿಸಿತು. ವಾರವೆಲ್ಲ ಹದಿನೆಂಟೋ ಇಪ್ಪತ್ತೋ ತೊಲ ಹಗುರಾಗುತ್ತಿದ್ದ ಮಣ್ಣು ಶುಕ್ರವಾರ ಒಂದೋ ಎರಡೋ ತೊಲ ಇಳಿದು ನಿಂತುಬಿಡುತ್ತಿತ್ತು. ಶನಿವಾರ ಒಮ್ಮೆಲೇ ಮೂವತ್ತನಾಲ್ಕು. ರಸೂಲ್ ತಕ್ಕಡಿಯ ಸರಪಳಿಗೆ ಎಣ್ಣೆ ಹಾಕಿದ, ತೂಕದ ಗುಂಡುಗಳನ್ನು ತೊಳೆದ. ಮುಂದಿನ ಶುಕ್ರವಾರವೂ ಅದೇ.

"ಅದರಾಗೇನದ?" ಎಂದಳು ಭೀಮಬಾಯಿ. "ಶುಕ್ರವಾರ ಉಪವಾಸ ಹಿಡದದ. ಶನಿವಾರ ಪಾರಣಿ."

"ಮಣ್ಣೂ ಉಪವಾಸ ಮಾಡ್ತದೇನ್ ಕಾಕು?"

"ಭೂಮಿತಾಯಿಯಪಾ. ಮಾಡಿದ್ರ ಮಾಡ್ಲಿ. ನೀ ಬರಿ."

ಅವನು ಬರೆದ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂದು ಅವನಿಗೆ ಹೇಳಿದ್ದರು. ಅದೇ ಅವನ ಕೊರಳಿಗೆ ಬಂತು.

ಸಂಕ್ರಾಂತಿ ಕಳೆದ ಒಂದು ಸೋಮವಾರ ಓವರಸೀಯರ್ ದೇವಿಂದ್ರಪ್ಪ ಸೈಕಲ್ ಏರಿ ಬಂದ. ಬಗಲಲ್ಲಿ ಎರಡು ವಹಿ: ಒಂದು ಇಲ್ಲಿನದು, ಇನ್ನೊಂದು ಕಲ್ಯಾಣಿಯದು. ಈಗ ಬಸವಕಲ್ಯಾಣ ಎನ್ನುವ ಊರಿಗೆ ಆಗ ಎಲ್ಲರ ಬಾಯಲ್ಲಿ ಕಲ್ಯಾಣಿ ಎಂದೇ ಹೆಸರು. ಅಲ್ಲಿಯೂ ಇಂಥದೇ ಡಬ್ಬಿ ಹುಗಿದಿದ್ದರು. ಕಟ್ಟೆಯ ಮೇಲೆ ಎರಡೂ ವಹಿ ಪಕ್ಕ ಪಕ್ಕ ಬಿಚ್ಚಿಟ್ಟು ದೇವಿಂದ್ರಪ್ಪ ಬೆರಳಾಡಿಸಿದ.

"ಕಲ್ಯಾಣ್ಯಾಗ ಶುಕ್ರವಾರ ಹತ್ತೊಂಬತ್ತು, ಶನಿವಾರ ಹತ್ತೊಂಬತ್ತು. ನಿಮ್ಮಲ್ಲಿ ಶುಕ್ರವಾರ ಒಂದು, ಶನಿವಾರ ಮೂವತ್ತನಾಲ್ಕು. ಒಂದ ವಾರ ಅಲ್ಲ, ಎಲ್ಲಾ ವಾರ. ಹ್ಯಾಂಗ್ರಿ ಇದು?"

"ಗೊತ್ತಿಲ್ರಿ ಸಾಹೇಬ್. ತೂಕ ಬಂದಂಗ ಬರದೀನಿ."

"ನನಗ ಗೊತ್ತದ. ಹಿಂದಿನ ಸರ್ಕಾರದಾಗ ಶುಕ್ರವಾರ ರಜಾ ಇರ್ತಿತ್ತು. ನಿಮಗ ಆ ರೂಢಿ ಬಿಟ್ಟಿಲ್ಲ. ಶುಕ್ರವಾರ ಬರೂದಿಲ್ಲ, ಗುರುವಾರದ ತೂಕಾನೇ ಒಂಚೂರು ತಿದ್ದಿ ಬರೀತೀರಿ. ಶನಿವಾರ ಖರೆ ತೂಗ್ತೀರಿ. ಎರಡ ದಿನದ್ದು ಒಂದ ದಿನಕ್ಕ ಬೀಳ್ತದ."

ಭೀಮಬಾಯಿಗೆ ತಡೆಯಲಾಗಲಿಲ್ಲ. "ಬರ್ತಾನ್ರೀ ಸಾಹೇಬ್ರ! ನಾ ಇಲ್ಲೇ ಕುಂತಿರ್ತೀನಿ. ಒಂದ ಶುಕ್ರವಾರ ತಪ್ಪಿಲ್ಲ."

"ನೀವ್ಯಾರು ಬಾಯಿ?"

"ಈ ಕಣ ನಂದ್ರಿ."

"ಕಣ ನಿಮ್ಮದು, ವಹಿ ಸರ್ಕಾರದ್ದು," ಎಂದು ದೇವಿಂದ್ರಪ್ಪ ಒರಟಾಗಿಯೇನೂ ಅಲ್ಲ, ದಣಿದವರ ಹಾಗೆ ಹೇಳಿದ. ಅವನಿಗೂ ಮೇಲಿನವರ ಒತ್ತಾಯವಿತ್ತು.

ರಸೂಲ್ ಮೆಲ್ಲಗೆ ಅಂದ: "ಶುಕ್ರವಾರ ಪೆಟ್ಟಿಗ್ಯಾಗಿನ ಹಸಿ ಕಡ್ಡೀನೂ ಒಂದ ಗೆರಿ ಮ್ಯಾಲಿರ್ತದ್ರಿ. ಗಾಳ್ಯಾಗ ನೀರಿದ್ದಂಗ. ಅದನ್ನೂ ಬರದೀನಿ. ಮತ್ತ ಇನ್ನೊಂದು. ಎರಡ ದಿನದ್ದು ಕೂಡ್ಸಿದ್ರ ಮೂವತ್ತೆಂಟಾಗಬೇಕು. ಮೂವತ್ತೈದೇ ಆಗ್ತದ. ಪ್ರತಿ ವಾರ ಮೂರ ತೊಲ ಕಮ್ಮಿ. ಸುಳ್ಳ ಬರ್ಯಾವ್ನಾದ್ರ ಲೆಕ್ಕಾ ಪೂರಾ ಕೂಡ್ಸಿ ಬರೀತಿದ್ನಿ."

ದೇವಿಂದ್ರಪ್ಪ ಆ ಸಾಲುಗಳನ್ನು ಮತ್ತೆ ಕೂಡಿಸಿ ನೋಡಿದ. ಆ ಮೂರು ತೊಲ ಅವನ ಹಲ್ಲಿನ ಸಂದಿಗೆ ಸಿಕ್ಕ ಹಾಗಿತ್ತು. ಆದರೂ ವಹಿ ಮುಚ್ಚಿದ. "ಬರೂ ಶುಕ್ರವಾರ ನಾನೇ ಬರ್ತೀನಿ. ಸಮಜಾಯಿಷಿ ಕೊಟ್ರಿ ಅಂದ್ರ ಭೇಷ್. ಇಲ್ಲಂದ್ರ ಸುಳ್ಳ ವಹಿ ಬರದಾನಂತ ಮ್ಯಾಲ ಬರದು ಕಳಸ್ತೀನಿ. ಮತ್ತ ಯಾವ ಕಚೇರಿ ಮೆಟ್ಟಲಾನೂ ನಿಮಗ ಇರೂದಿಲ್ಲ."

ಸೈಕಲ್ ಹೋಯಿತು. ರಸೂಲ್ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೆಲಸ ಹೋಗುವುದು ಒಂದು ಮಾತು. ಸುಳ್ಳ ಎನಿಸಿಕೊಂಡು ಹೋಗುವುದು ಬೇರೆ ಮಾತು, ಅದೂ ಆ ವರ್ಷದಲ್ಲಿ, ಅವನಂಥವನಿಗೆ. ಭೀಮಬಾಯಿಗೆ ಅದು ಯಾರೂ ಬಿಡಿಸಿ ಹೇಳದೆಯೇ ತಿಳಿಯಿತು.

"ಗುಂಡುಗೋಳೇ ಸವದಿರಬೇಕು," ಎಂದ ರಸೂಲ್ ಕಡೆಗೆ. "ಬುಧವಾರ ಕಲ್ಯಾಣಿಗೆ ಒಯ್ದು ಅಲ್ಲಿನ ಗುಂಡಿನ ಜೋಡಿ ತೂಗಿ ನೋಡ್ತೀನಿ."

"ಶುಕ್ರವಾರ ಅಷ್ಟೇ ಸವ್ಯೂ ಗುಂಡು ಎಲ್ಲಿ ಅದಪಾ?" ಎಂದಳು ಭೀಮಬಾಯಿ. ಆಮೇಲೆ ಸೆರಗು ಕೊಡವಿ ಎದ್ದಳು. "ನಾನೂ ಬರ್ತೀನಿ. ನಮ್ಮ ತಂಗಿ ಸಖೂನ ಮನಿ ಅಲ್ಲೇ ಅದ. ಕಲ್ಯಾಣಿ ಮಣ್ಣ ಹ್ಯಾಂಗದ, ಅದ್ಯಾಕ ಉಪವಾಸ ಮಾಡೂದಿಲ್ಲ, ಒಮ್ಮಿ ನೋಡೂನು."

ಬುಧವಾರ ಬೆಳಗಿನ ತೂಕ ಮುಗಿಸಿ ಇಬ್ಬರೂ ಬಸ್ಸು ಹತ್ತಿದರು. ಗುಂಡಿನ ಗಂಟನ್ನು ರಸೂಲ್ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ರಾಜೇಶ್ವರದ ಹತ್ತಿರ ಬಸ್ಸು ಕುಲುಕಿದಾಗ ಎದುರಿನವನೊಬ್ಬ "ಏನ್ರಿ ಭಾಯಿ, ಬಂಗಾರೇನು?" ಎಂದು ಚೇಷ್ಟೆ ಮಾಡಿದ. "ಕಬ್ಬಿಣ," ಎಂದಳು ಭೀಮಬಾಯಿ, "ಖರೆ ಇದ್ರ ಬಂಗಾರ."

ಕಲ್ಯಾಣಿಯ ಡಬ್ಬಿ ಕೋಟೆಯ ಹಿಂದಿನ ಬಯಲಲ್ಲಿತ್ತು. ನೋಡಿಕೊಳ್ಳುವವನು ಮಾರುತಿ ಎಂಬ ಬಡಕಲು ಮನುಷ್ಯ. ಅವನೂ ರಸೂಲನೂ ಬಯಲ ನೆರಳಲ್ಲಿ ತಕ್ಕಡಿ ಕಟ್ಟಿ ಗುಂಡಿಗೆ ಗುಂಡು ಹಚ್ಚಿ ತೂಗಿದರು. ಸೇರಿಗೆ ಸೇರು, ತೊಲಕ್ಕೆ ತೊಲ. ಮುಳ್ಳು ಒಂದು ಕೂದಲೂ ಆಚೀಚೆ ಹೋಗಲಿಲ್ಲ. ತೂಕ ಸರಿಯಾಗಿದ್ದುದಕ್ಕೆ ಮುಖ ಬಾಡಿದ ಮನುಷ್ಯನನ್ನು ಭೀಮಬಾಯಿ ಅಂದೇ ಮೊದಲು ಕಂಡಳು.

ನೋಡಲಾರದೆ ಆಕೆ ಡಬ್ಬಿಯ ಕಡೆ ನಡೆದಳು. ನೋಡಿ ಮೂಗು ಮುರಿದಳು. ದುಂಡು ಗೆರೆಯೊಳಗಿನ ಮಣ್ಣು ಬಾಯಿಬಿಟ್ಟಿತ್ತು. ಕಾಗೆಯ ಪುಕ್ಕ, ಒಂದೆರಡು ಒಣ ಕಡ್ಡಿ, ಇರುವೆಯ ಸಾಲು.

"ಏನಪಾ ಮಾರುತಿ, ಎಂಥಾ ಅವತಾರ ಇದು! ವಾರಕ್ಕೊಮ್ಮಿಯಾದ್ರೂ ಯಾರೂ ಸಾರಸೂದಿಲ್ಲೇನು?"

ಮಾರುತಿ ನಕ್ಕ. "ಸಾರಸೂದಾ? ಅದಕ್ಕ ಮುಟ್ಟೂಹಂಗಿಲ್ಲ ಆಯಿ. ಪುಕ್ಕ ಬಿದ್ರ ಚಿಮಟಿಗ್ಯಾಗ ಹಿಡದ ತಗೀಬೇಕು."

"ಮುಟ್ಟೂಹಂಗಿಲ್ಲಂತ ನನಗೂ ಗೊತ್ತದ. ನಾ ಕೇಳಿದ್ದು ಸಾರಸೂದು..."

ಮಾತು ಅರ್ಧಕ್ಕೇ ನಿಂತಿತು.

ತನ್ನ ಕಣದ ದುಂಡು ಗೆರೆ ಆಕೆಯ ಕಣ್ಣ ಮುಂದೆ ಬಂತು. ನುಣ್ಣಗೆ, ಒಂದು ಬಿರುಕಿಲ್ಲದೆ. ಶುಕ್ರವಾರ ಬರಿ ನೆಲ ಇರಬಾರದು ಎಂದು ಅತ್ತೆ ಕಲಿಸಿದ ರೂಢಿ. ಕಣ ಸಾರಿಸುತ್ತ ಸಾರಿಸುತ್ತ ಕೈ ಆ ದುಂಡಿನ ಮೇಲೂ ಹಾಯ್ದು ಹೋಗುತ್ತಿತ್ತು. ಸರ್ಕಾರದವರು ಅಷ್ಟು ಜತನದಿಂದ ಇಟ್ಟ ನೆಲ, ರಸೂಲ್ ದಿನಾ ತಲೆಬಾಗಿಸಿ ನೋಡುವ ನೆಲ. ಅದೊಂದನ್ನೇ ಹೊಲಸು ಬಿಡುವುದೆಂದರೆ ಮನೆಗೆ ಬಂದವರಲ್ಲಿ ಒಬ್ಬರಿಗೆ ನೀರು ಕೊಡದ ಹಾಗೆ. ಸಾರಿಸುವುದನ್ನು ಆಕೆ ಮುಟ್ಟುವುದು ಎಂದುಕೊಂಡಿರಲೇ ಇಲ್ಲ.

ಒಂದು ಹಿಡಿ ಸಗಣಿ, ಅದಕ್ಕಿಷ್ಟು ನೀರು. ಮಣ್ಣಿನ ತಲೆಯ ಮೇಲೆ, ಪ್ರತಿ ಶುಕ್ರವಾರ, ತೂಕಕ್ಕೆ ಒಂದೂವರೆ ತಾಸು ಮೊದಲು.

ಸಖುವಿನ ಮನೆಗೆ ಹೋಗುವ ನೆನಪೂ ಆಕೆಗೆ ಉಳಿಯಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತು ಯೋಚಿಸಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಇನ್ನು ಮುಂದೆ ಸಾರಿಸದಿದ್ದರಾಯಿತು. ಮಣ್ಣಿನ ಉಪವಾಸ ತಾನೇ ನಿಲ್ಲುತ್ತದೆ. ಆದರೆ ಹಾಗೆ ನಿಂತರೆ, ಓವರಸೀಯರ್ ಬೆದರಿಸಿದ ಮೇಲೆ ರಸೂಲ್ ನೆಟ್ಟಗಾದ ಎಂದೇ ಆಗುತ್ತದೆ. ಸುಳ್ಳು ಖರೇ ಆಗಿ ಕೂಡುತ್ತದೆ. ಹೇಳಿದರೆ? ಸರ್ಕಾರದ ಹುಕುಂ ಮುರಿದವಳೆಂದು ಚಾವಡಿಗೆ ಕರೆಸಿದರೆ?

"ರಸೂಲಾ."

"ಏನ್ ಕಾಕು?"

"ಆ ಮಣ್ಣ ಉಪವಾಸ ಮಾಡಿಲ್ಲಪಾ. ನಾ ಉಣಿಸೀನಿ."

ಅವನಿಗೆ ತಿಳಿಯಲಿಲ್ಲ. ಆಕೆ ಬಿಡಿಸಿ ಹೇಳಿದಳು. ಬಸ್ಸಿನ ಗದ್ದಲದಲ್ಲಿ ಎರಡೆರಡು ಸಲ ಹೇಳಬೇಕಾಯಿತು. ಸಗಣಿ ಎಂಬ ಮಾತನ್ನು ಎದುರಿನವರೆಲ್ಲ ಕೇಳಿಸಿಕೊಂಡರು. ರಸೂಲ್ ಗುಂಡಿನ ಗಂಟನ್ನು ತೊಡೆಯಿಂದ ಇಳಿಸಿ ಕಾಲ ಬಳಿ ಇಟ್ಟ. ಬೈಯುತ್ತಾನೆಂದು ಆಕೆ ಕಾದಳು.

"ಹತ್ತು ತಿಂಗಳ ನೋಡೀನಿ ಕಾಕು," ಎಂದ ಅವನು. "ದಿನಾ ಬಗ್ಗಿ ನೋಡೀನಿ. ಸಾರಿಸಿದ್ದು ಕಂಡಿಲ್ಲ ಅಂತಲ್ಲ. ನಮ್ಮ ಮನಿಯಾಕಿ ರಾಬಿಯಾನೂ ಮನಿ ಸಾರಸ್ತಾಳ. ಸಾರಿಸಿದ ನೆಲ ಅಂದ್ರ ನನಗ ನೆಲಾನೇ. ನನ್ನ ಕಣ್ಣಿಗೂ ಯಾರೋ ಕಲಾಯಿ ಹಚ್ಚಿದ್ರು ನೋಡ್ರಿ."

"ಸಾರಸೂದಂದ್ರ ತಗಿಯೂದಂತ ತಿಳದಿದ್ನಿ," ಎಂದಳು ಭೀಮಬಾಯಿ. "ಹೊಲಸ ತಗಿಯೂದು. ನಲವತ್ತು ವರ್ಷ ಹಾಕಾಕತ್ತೀನಿ ಅಂತ ಇವತ್ತ ಗೊತ್ತಾಯ್ತು."

"ಆದ್ರ ಸಾಹೇಬ್ರು ನಂಬತಾರೇನು? ಇಬ್ಬರೂ ಕೂಡಿ ಕಥಿ ಕಟ್ಟೀರಿ ಅಂತಾರ."

ಆಕೆ ತನ್ನ ಬಲಗೈಯನ್ನು ಮಗುಚಿ ನೋಡಿಕೊಂಡಳು. ಬೆರಳ ಗಂಟುಗಳು, ಸವೆದ ಉಗುರು. "ವಹಿ ಕೇಳಿದ್ರ ವಹಿ ತೋರಸ್ತಿ. ಗುಂಡ ಕೇಳಿದ್ರ ಗುಂಡ ತೋರಸ್ತಿ. ಈ ಕೈನೂ ತೂಗ್ಲಿ."

ಶುಕ್ರವಾರ ದೇವಿಂದ್ರಪ್ಪ ಎಂಟಕ್ಕೆ ಮೊದಲೇ ಬಂದ. ಭೀಮಬಾಯಿ ಆ ದಿನ ಡಬ್ಬಿಯ ತಂಟೆಗೆ ಹೋಗಿರಲಿಲ್ಲ. ರಸೂಲ್ ಅವನ ಎದುರೇ ತೂಗಿದ. ಹತ್ತೊಂಬತ್ತು ತೊಲ ಇಳಿದಿತ್ತು.

"ನೋಡ್ರಿ," ಎಂದ ದೇವಿಂದ್ರಪ್ಪ, "ನಾ ಬಂದ್ರ ಮಣ್ಣ ಶುದ್ಧ ನಡೀತದ."

"ಸಾಹೇಬ್ರ, ಮಣ್ಣ ಶುದ್ಧ ಅದ. ಕೈ ನಂದು," ಎಂದು ಭೀಮಬಾಯಿ ಮುಂದೆ ಬಂದಳು. ಎಲ್ಲ ಹೇಳಿದಳು.

ದೇವಿಂದ್ರಪ್ಪ ಕಣ್ಣು ಕಿರಿದು ಮಾಡಿ ಕೇಳಿದ. ನಗಲಿಲ್ಲ, ಬೈಯಲಿಲ್ಲ. ಬೋರಲು ಹಾಕಿದ ಒಂದು ಕೊಡದ ಮೇಲೆ ಕೂತು ಇಡೀ ವಹಿ ಮತ್ತೆ ತಿರುವಿದ. ದಸರೆಯಿಂದ ಈಚಿನ ಶುಕ್ರವಾರಗಳನ್ನೆಲ್ಲ ಕೂಡಿಸಿ ಭಾಗಿಸಿದ. ಆಮೇಲೆ ಒಂದು ಚೀಟಿಯಲ್ಲಿ ಏನೋ ಬರೆದು ನಾಲ್ಕು ಮಡಿಕೆ ಮಡಚಿ ಐದು ಸೇರಿನ ಗುಂಡಿನ ಕೆಳಗಿಟ್ಟ.

"ಬಾಯಿ, ನೀವು ಹೇಳೂದು ಖರೆ ಇದ್ರ ನಿಮ್ಮ ಒಂದ ಸಲದ ಸಾರಣಿ ಎಷ್ಟ ತೊಲ ಬರಬೇಕಂತ ಲೆಕ್ಕಾ ತಗದೀನಿ. ಅದು ಈ ಚೀಟ್ಯಾಗ ಅದ. ನೀವೂ ನೋಡಿಲ್ಲ, ರಸೂಲೂ ನೋಡಿಲ್ಲ. ಸಾರಸ್ರಿ. ತೂಗೂನು."

ಡಬ್ಬಿಯ ಮಣ್ಣು ಕೆಡಬಾರದೆಂದು ರಸೂಲ್ ಹಿಂದಿನ ದಿನವೇ ಡಬ್ಬಿಯ ಬಾಯಿಯಷ್ಟೇ ಅಗಲದ ಐದು ದುಂಡು ತಗಡು ಕತ್ತರಿಸಿ, ಮೇಲೆ ಮಣ್ಣು ಬಡಿದು ಒಣಗಿಸಿ ಇಟ್ಟಿದ್ದ. ಪ್ರತಿಯೊಂದನ್ನೂ ತೂಗಿ ಬರೆದುಕೊಂಡರು. ಭೀಮಬಾಯಿ ಬುಟ್ಟಿಯಿಂದ ಸಗಣಿ ತೆಗೆದು, ಚರಗಿಯ ನೀರು ಹಾಕಿ ಕಲಸಿ, ಮೊದಲ ತಗಡಿನ ಮುಂದೆ ಕೂತಳು. ಇಬ್ಬರು ಗಂಡಸರು ಆಕೆಯ ಕೈಯನ್ನೇ ನೋಡುತ್ತಿದ್ದರು. ಮದುವೆ ಮನೆಯಲ್ಲೂ ಯಾರೂ ಆ ಕೈಯನ್ನು ಹಾಗೆ ನೋಡಿರಲಿಲ್ಲ. ಸಾರಿಸಿ ಎದ್ದಳು.

ದೇವಿಂದ್ರಪ್ಪ ತೂಗಿದ. "ಇಪ್ಪತ್ತೆರಡು."

ಚೀಟಿಯನ್ನು ಅವನು ಮುಟ್ಟಲಿಲ್ಲ. ಆದರೆ ಅವನ ಮುಖ ನೋಡಿದ ರಸೂಲ್ ನೆಲ ನೋಡಿದ.

ಭೀಮಬಾಯಿ ತಗಡಿನ ಮೇಲೆ ಬಗ್ಗಿದಳು. ಒದ್ದೆ ಸಗಣಿಯ ಮೇಲೆ ಬೆರಳಿನ ಕಮಾನುಗಳು ಒಂದರೊಳಗೊಂದು ಎದ್ದು ಕಾಣುತ್ತಿದ್ದವು, ಬೀಗರು ಬರುವ ದಿನ ಹೊಸ್ತಿಲ ಮುಂದೆ ಮಾಡುವ ಹಾಗೆ. ಇದು ಶುಕ್ರವಾರದ ಸಾರಣೆಯಲ್ಲ.

"ಇದು ಸಾಹೇಬ್ರಿಗೆ ಸಾರಿಸಿದ್ದು," ಎಂದಳು. "ನೀವು ನೋಡಾಕತ್ತೀರಿ ಅಂತ ಕೈ ದೊಡ್ಡಸ್ತನಾ ಮಾಡ್ಯದ. ಬಂದವರಿಗೆ ತುಪ್ಪ ಒಂದ ಚಮಚಾ ಜಾಸ್ತಿ ಬೀಳೂದಿಲ್ಲೇನ್ರಿ, ಹಂಗ. ಇದನ್ನ ಬಿಡ್ರಿ."

"ಬಿಡಾಕ ಬರೂದಿಲ್ಲ ಬಾಯಿ. ಬಂದಂಗ ಬರೀಬೇಕು. ನಾನೂ."

"ಬರೀರಿ. ಆದ್ರ ಈ ಸಲ ನನ್ನ ಕೈ ನೋಡಬ್ಯಾಡ್ರಿ. ನಾ ಒಂದ ಮಾತ ಕೇಳ್ತೀನಿ, ಅದನ್ನ ಹೇಳ್ರಿ."

"ಏನು?"

"ಈ ಬಿಸಲ ಕುಡದ ನೀರು ಎಲ್ಲಿಗೆ ಹೋಗ್ತದ್ರಿ? ಹತ್ತು ತಿಂಗಳಾಯ್ತು, ದಿನಾ ಇಪ್ಪತ್ತ ತೊಲ. ಯಾರ ಮನಿಗೆ ಹೋಗ್ತದ?"

ದೇವಿಂದ್ರಪ್ಪನಿಗೆ ಇಂಥ ಪ್ರಶ್ನೆಯನ್ನು ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಮೊದಲು ಒಂದು ಮಾತಿನಲ್ಲಿ ಮುಗಿಸಲು ನೋಡಿದ. ಗಾಳಿಗೆ ಹೋಗುತ್ತದೆ ಎಂದ. ಗಾಳಿಗೆ ಹೋದದ್ದು ಯಾಕೆ ಕಾಣುವುದಿಲ್ಲ ಎಂದಳು. ಅವನು ಅನ್ನದ ಉಗಿಯ ಮಾತು ತೆಗೆದ. ಉಗಿ ಕಾಣುತ್ತದಲ್ಲ ಎಂದಳು. ಹಸಿ ಕಡ್ಡಿ ಯಾಕೆ ತಣ್ಣಗಿರುತ್ತದೆ ಎಂದು ಅವನು ಹೇಳತೊಡಗಿದ: ನೀರು ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ, ಬಟ್ಟೆಯ ಬಿಸಿಯನ್ನೂ ಕಟ್ಟಿಕೊಂಡು ಹೋಗುತ್ತದೆ. ಮಿಂದು ಒದ್ದೆ ಮೈಯಲ್ಲಿ ಗಾಳಿಗೆ ನಿಂತರೆ ಚಳಿ ಹತ್ತುವುದಿಲ್ಲವೇ, ನೆಲಕ್ಕೂ ಹಾಗೇ.

"ಅಂದ್ರ ಸಾರಿಸಿದ ಮನಿ ತಂಪಿರೂದು ಅದಕ್ಕೇನ್ರಿ?"

"ಅದಕ್ಕ! ಅದಕ್ಕೇನಾ!" ದೇವಿಂದ್ರಪ್ಪ ಕೊಡದಿಂದ ಎದ್ದೇ ಬಿಟ್ಟ. "ನಮ್ಮ ಅವ್ವ ಬ್ಯಾಸಿಗ್ಯಾಗ ಮಧ್ಯಾಹ್ನ ಸಾರಸ್ತಿದ್ಳು. ಯಾಕಂತ ನಾ ಯಾವತ್ತೂ..."

ಅಷ್ಟರಲ್ಲಿ ಭೀಮಬಾಯಿ ಕೈ ತೊಳೆಯುತ್ತಿದ್ದಳು. ಎರಡನೆಯ ತಗಡು, ಮೂರನೆಯದು, ಉಳಿದ ಎರ‍ಡೂ ಮುಗಿದಿದ್ದವು. ಯಾವಾಗ ಮುಗಿದವೋ ಆಕೆಗೂ ನೆನಪಿರಲಿಲ್ಲ.

ತೂಗಿದರು. ಹದಿನೆಂಟು. ಹದಿನೆಂಟು. ಹದಿನೇಳೂವರೆ. ಹದಿನೆಂಟು.

ದೇವಿಂದ್ರಪ್ಪ ಗುಂಡು ಎತ್ತಿ ಚೀಟಿಯನ್ನು ರಸೂಲನ ಕೈಗೆ ಕೊಟ್ಟ. ಅದರಲ್ಲಿ ಎರಡೇ ಅಂಕಿ: ಹದಿನೆಂಟು, ಅದರ ಕೆಳಗೆ ಮೂರು.

"ಮೂರು ಏನ್ರಿ?" ಎಂದಳು ಭೀಮಬಾಯಿ.

"ರಸೂಲ್ ಹೇಳಿದ್ರಲ್ಲ, ಪ್ರತಿ ವಾರ ಕಮ್ಮಿ ಬೀಳೂ ಮೂರ ತೊಲ. ಅದು ಏನಂತ ನನಗೀಗ ಅನುಮಾನ ಅದ. ಮಧ್ಯಾಹ್ನತನಕ ಕೂಡ್ತೀನಿ."

ತಗಡುಗಳನ್ನು ಬಿಸಿಲಿಗಿಟ್ಟರು. ಭೀಮಬಾಯಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು; ಓವರಸೀಯರ್ ಉಂಡ. ಹೊತ್ತು ಇಳಿಯುವಾಗ ಸಗಣಿ ಒಣಗಿ ತಗಡಿನ ಮಣ್ಣಿಗೆ ಚರ್ಮದಂತೆ ಅಂಟಿತ್ತು. ಮತ್ತೆ ತೂಗಿದರು. ನೀರೆಲ್ಲ ಹೋಗಿ ಮೂರು ತೊಲ ಉಳಿದಿತ್ತು. ಶನಿವಾರದ ತೂಕದಲ್ಲಿ ಬಿಸಿಲಿಗೆ ಎಳೆಯಲಾಗದೆ ಉಳಿಯುತ್ತಿದ್ದದ್ದು ಆ ಒಣ ಸಗಣಿ.

ದೇವಿಂದ್ರಪ್ಪ ವಹಿಯ ಅಂಚಿನಲ್ಲಿ ಬರೆದ. ಬರೆದದ್ದನ್ನು ರಸೂಲನಿಗೆ ಓದಿ ಹೇಳಿದ. ಒಣ ದಿನಗಳ ಶುಕ್ರವಾರಗಳಿಗೆ ಹದಿನೆಂಟು ತೊಲ ಕೂಡಿಸಬೇಕು, ಶನಿವಾರಕ್ಕೆ ಹದಿನೈದು ಕಳೆಯಬೇಕು. ತೂಕ ಬರೆದವನ ಅಂಕಿಗಳು ಪ್ರತಿಯೊಂದೂ ಸರಿ ಇವೆ. ಇಪ್ಪತ್ತೆರಡನ್ನೂ ಬರೆದ, ಅದರ ಪಕ್ಕದಲ್ಲಿ "ಅತಿಥಿಗೆ" ಎಂದು. ಮಳೆಗಾಲದ ಲೆಕ್ಕ ಮಾತ್ರ ತನ್ನಿಂದ ಬಿಡಿಸಲಾಗದು, ಅದನ್ನು ಬಿಟ್ಟೇ ಬಿಡಬೇಕು ಎಂದು ನಿಟ್ಟುಸಿರು ಬಿಟ್ಟ.

"ನನ್ನ ಚಾವಡಿಗೆ ಕರಸ್ತೀರೇನ್ರಿ?" ಎಂದಳು ಭೀಮಬಾಯಿ.

"ಕರಿಸಿದ್ರ ಕಚೇರಿ ಸಾರಸಾಕ ಕರಸ್ಬೇಕು," ಎಂದ ಅವನು. ಸೈಕಲ್ ಏರುವ ಮೊದಲು ರಸೂಲನ ಎದುರು ಒಂದು ಗಳಿಗೆ ನಿಂತ. "ರಸೂಲ್ ಮಿಯಾ, ಸೋಮವಾರ ನಾ ಆಡಿದ್ದು ತಪ್ಪ ಆಯ್ತು. ನೀವು ಆ ಮೂರ ತೊಲ ಹೇಳಿದಾಗೇ ನಾ ನಿಲ್ಲಬೇಕಿತ್ತು."

ರಸೂಲ್ ಚೀಟಿಯನ್ನು ಮಡಚಿ ಅಂಗಿಯ ಒಳಜೇಬಿಗಿಟ್ಟುಕೊಂಡ.

ಮುಂದಿನ ಶುಕ್ರವಾರ ಭೀಮಬಾಯಿ ಕೋಳಿ ಕೂಗುವ ಹೊತ್ತಿಗೆ ಕಣ ಸಾರಿಸಿದಳು. ದುಂಡು ಗೆರೆಯ ಹತ್ತಿರ ಬಂದಾಗ ಕೈ ತಾನಾಗಿ ಮುಂದೆ ಹೋಯಿತು. ಇನ್ನೊಂದು ಕೈಯಿಂದ ಅದರ ಮಣಿಕಟ್ಟು ಹಿಡಿದುಕೊಂಡಳು. ಪೆಟ್ಟಿಗೆಯ ಸುತ್ತ ಹತ್ತು ಮಾರು ನೆಲವನ್ನೂ ಹಾಗೇ ಬಿಟ್ಟಳು, ಹಸಿ ಕಡ್ಡಿಯಿಂದ ಸುಳ್ಳು ಹೇಳಿಸಬಾರದೆಂದು. ಅಷ್ಟು ನೆಲ ಬರಿಮೈಯಲ್ಲಿ ಬಿದ್ದದ್ದು ನೋಡಲು ಆಕೆಗೆ ಕಣ್ಣು ಒಗ್ಗಲಿಲ್ಲ.

ಎಂಟಕ್ಕೆ ರಸೂಲ್ ಬಂದು ತೂಗಿದ. ಇಪ್ಪತ್ತು ತೊಲ. ಬರೆದು ತಲೆಯೆತ್ತಿದರೆ ಭೀಮಬಾಯಿ ಕಟ್ಟೆಯ ಮೇಲೆ ಇರಲಿಲ್ಲ. ಒಳಗಿನಿಂದ ಬಂದಳು, ಸೆರಗಿನ ತುದಿಯಲ್ಲಿ ಹೊಗೆಯಾಡುವ ರೊಟ್ಟಿ ಹಿಡಿದುಕೊಂಡು.

"ನಿನ್ನ ಕಲಾಯಿ ತಕ್ಕಡಿ ತಂದೀಯೇನು? ತಾ ಅಂತ ನಿನ್ನಿ ಹೇಳಿದ್ನಲಾ."

"ತಂದೀನಿ. ಯಾಕ ಕಾಕು?"

"ಇದನ್ನ ಈಗ ತೂಗು. ಆರಿದ ಮ್ಯಾಲ ಮತ್ತ ತೂಗು. ಬಿಸಿ ಹೋಗೂವಾಗ ನೀರೂ ಹೋಗ್ತದ ಅಂದ್ರಲಾ ಸಾಹೇಬ್ರು. ಎಷ್ಟ ಹೋಗ್ತದ ನೋಡೂನು."

ರಸೂಲ್ ತೂಗಿದ. ಇಬ್ಬರೂ ರೊಟ್ಟಿಯ ಎರಡು ಬದಿಗೆ ಕೂತರು. ಹೊಗೆ ಮೇಲೆದ್ದು ಬಿಸಿಲಲ್ಲಿ ಕರಗುತ್ತಿತ್ತು.

"ಪೂರಾ ಆರೂತನಕ ನಮಗ ಉಪವಾಸೇನು?" ಎಂದ ರಸೂಲ್.

"ಸುಮ್ಕ ಕೂಡು," ಎಂದಳು ಭೀಮಬಾಯಿ. "ಮುಟ್ಟಬ್ಯಾಡ ಅದನ್ನ."